ಇವರು ನಮ್ಮ ಮನೆಗೆ ಬಂದವರು

(ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಸೀಮೆಯ ಒಂದು ವಾಚನಾಲಯದ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ನಮ್ಮ ಕಡೆಯ ಹವ್ಯಕ ಮನೆಯ ಅಂಗಳಕ್ಕೆ ಯಾರೇ ಕಾಲಿಟ್ಟರೂ ಮೊದಲು ಬರುವ ಮಾತು "ಆಸರಿಂಗೆ ಎಂತಕ್ಕು?" ಎಂಬುದು. ಬಾಯಾರಿಕೆಗೆ ಏನಾಗಬಹುದು ಎಂದು ಅದರ ಅರ್ಥ. ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಜಗಲಿಗೆ ಬಂದ ಮೇಲೆಯೇ ಮುಂದಿನ ಮಾತು. ಬಂದ ಕೆಲಸ ಕೇಳುವುದು ಆಮೇಲೆ. ನಿಮ್ಮಲ್ಲಿ ತುಳು ಮನೆಯವರಿದ್ದೀರಿ, ಕೊಂಕಣಿ ಮನೆಯವರಿದ್ದೀರಿ, ಬ್ಯಾರಿ ಮನೆಯವರಿದ್ದೀರಿ. ನಿಮ್ಮ ಮನೆಗಳಲ್ಲಿ ಮಾತು ಬೇರೆ ಇರಬಹುದು, ನೀರು ಮಾತ್ರ ಮೊದಲು ಬರುತ್ತದೆ ಎಂದು ನನಗೆ ಗೊತ್ತು.

ಹಾಗಾಗಿ ಅತಿಥಿಗಳನ್ನು ನೋಡಿಕೊಳ್ಳುವುದರಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದುಕೊಂಡೇ ನಾನು ಬೆಳೆದೆ. ಅತಿಥಿಯಾಗುವುದು ಹೇಗೆ ಎಂಬ ಪಾಠವನ್ನು ಮಾತ್ರ ಯಾರೂ ಹೇಳಿರಲಿಲ್ಲ. ನೆಂಟರ ಮನೆಗೆ ಹೋಗುವಾಗ ನಾವು ಯಾರ ಮಗಳು, ಯಾರ ಸೊಸೆ ಎಂಬುದು ನಮಗಿಂತ ಮೊದಲೇ ಆ ಮನೆಗೆ ತಲುಪಿರುತ್ತದೆ. ಗುರುತಿಲ್ಲದ ಊರಿನಲ್ಲಿ, ಗುರುತಿಲ್ಲದ ಮನೆಯ ಬಾಗಿಲಲ್ಲಿ, ಕೈಯಲ್ಲಿ ಒಂದು ಚೀಲ ಹಿಡಿದು ಒಬ್ಬಳೇ ನಿಲ್ಲುವುದು ಬೇರೆಯೇ ಅನುಭವ. ಅದು ನನಗೆ ದಕ್ಕಿದ್ದು ಐವತ್ತಾರು ತುಂಬಿ, ಶಾಲೆಯ ಕನ್ನಡ ಪಾಠಗಳಿಂದ ನಿವೃತ್ತಳಾದ ಮೇಲೆ.

ಹೀಗೆ ಅಪರಿಚಿತರ ಮನೆಗಳಲ್ಲಿ ಉಳಿಯಲು ಕಡಲ ಬದಿಯ ಪಟ್ಟಣಗಳನ್ನೇ ಏಕೆ ಆರಿಸಿಕೊಂಡಿರಿ ಎಂದು ತುಂಬ ಜನ ಕೇಳುತ್ತಾರೆ. ಮೊದಲ ಕಾರಣ ರೈಲು. ಪಾಠ ಮಾಡುತ್ತಿದ್ದ ಕೋಣೆಯ ಕಿಟಕಿಗೆ ರೈಲಿನ ಸದ್ದು ಕೇಳುತ್ತಿತ್ತು. ದಕ್ಷಿಣಕ್ಕೆ ಹೋಗುವುದೂ ಕಡಲ ಬದಿಯಲ್ಲೇ, ಉತ್ತರಕ್ಕೆ ಹೋಗುವುದೂ ಕಡಲ ಬದಿಯಲ್ಲೇ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ತಿಯಾಗಿ ತೆರೆದುಕೊಂಡಾಗ ಉತ್ತರದ ಬಾಗಿಲೂ ತೆರೆಯಿತು. ಆ ರೈಲು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಒಮ್ಮೆ ಹೋಗಬೇಕು ಎಂದು ಮನಸ್ಸಿನಲ್ಲಿ ಕುಳಿತದ್ದು ಆಗಲೇ. ಎರಡನೆಯ ಕಾರಣ ನನಗೆ ಗೊತ್ತಾದದ್ದು ಓದಿನಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊರಾಕ್ಕೋದ ಟ್ಯಾಂಜಿಯರಿನಲ್ಲಿ ಹುಟ್ಟಿದ ಇಬ್ನ್ ಬತೂತ 1325ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಜೊತೆಗೆ ಯಾರೂ ಇಲ್ಲದೆ ಮನೆ ಬಿಟ್ಟು ಹೊರಟವನು. 1331ರ ಸುಮಾರಿಗೆ ಆಫ್ರಿಕಾದ ಪೂರ್ವ ಕರಾವಳಿಯ ಮೊಗದಿಶು ಪಟ್ಟಣಕ್ಕೆ ಬಂದ. ಅಲ್ಲಿ ಕಂಡದ್ದನ್ನು ಅವನು ಬರೆದಿಟ್ಟಿದ್ದಾನೆ. ಹಡಗು ಬಂದು ನಿಂತ ಕೂಡಲೇ ದಡದಿಂದ ಚಿಕ್ಕ ಚಿಕ್ಕ ದೋಣಿಗಳು ಹೊರಟು ಬರುತ್ತವೆ. ದೋಣಿಗಳ ತುಂಬ ಊರಿನ ಯುವಕರು. ಒಬ್ಬೊಬ್ಬನ ಕೈಯಲ್ಲೂ ಮುಚ್ಚಿದ ಊಟದ ತಟ್ಟೆ. ಹಡಗು ಹತ್ತಿದವನು ಒಬ್ಬ ವ್ಯಾಪಾರಿಯ ಮುಂದೆ ತನ್ನ ತಟ್ಟೆಯನ್ನು ಇಟ್ಟು "ಇವನು ನನ್ನ ಅತಿಥಿ" ಎನ್ನುತ್ತಾನೆ. ಅಷ್ಟಾದರೆ ಆಯಿತು. ಊರಿಗೆ ಹೊಸಬನಾದ ಆ ವ್ಯಾಪಾರಿ ಇಳಿದು ಹೋಗುವುದು ಆ ಮನೆಗೇ. ಅವನ ಸರಕು ಮಾರಿಕೊಡುವುದು, ಬೇಕಾದ ಸರಕು ಕೊಡಿಸುವುದು ಎಲ್ಲ ಆ ಮನೆಯವನ ಜವಾಬ್ದಾರಿ. ಆತಿಥೇಯ ಎದುರಿಗಿಲ್ಲದಾಗ ಯಾರಾದರೂ ಅವನಿಗೆ ಏನನ್ನಾದರೂ ಮಾರಿದರೆ, ಅಥವಾ ಅವನ ಸರಕನ್ನು ತೀರ ಅಗ್ಗಕ್ಕೆ ಹೊಡೆದುಕೊಂಡರೆ, ಆ ವ್ಯಾಪಾರವನ್ನು ಊರು ಒಪ್ಪುವುದಿಲ್ಲ.

ಈ ಕೊನೆಯ ಮಾತನ್ನು ಗಮನಿಸಿ. ಊಟ ಹಾಕುವುದು, ಹಾಸಿಗೆ ಕೊಡುವುದು ಯಾರಿಂದಲೂ ಆಗುತ್ತದೆ. ಇಡೀ ಊರಿನ ಎದುರು ಒಬ್ಬ ಅಪರಿಚಿತನಿಗೆ ಹೊಣೆ ನಿಲ್ಲುವುದಿದೆಯಲ್ಲ, ಅದು ದೊಡ್ಡದು. ನಾನು ಇಂದು ಹೇಳಬೇಕೆಂದಿರುವುದೆಲ್ಲ ಆ ತಟ್ಟೆಯ ಸುತ್ತಲೇ ಇದೆ.

ಅದೇ ಇಬ್ನ್ ಬತೂತ ನಮ್ಮ ಕಡಲ ಬದಿಯಲ್ಲೂ ಹಾದುಹೋದ. ಅವನು ಹೇಳುವ ಊರುಗಳು ಹೊನ್ನಾವರ, ಬಾರ್ಕೂರು, ಮಂಗಳೂರು, ಆಮೇಲೆ ಏಳಿಮಲೆ. ಮಂಗಳೂರಿಗೂ ಏಳಿಮಲೆಗೂ ನಡುವೆ ಇರುವುದು ನಮ್ಮ ಈ ನೆಲ. ಮಲಬಾರಿನ ದಾರಿಯಲ್ಲಿ ಅರ್ಧರ್ಧ ಮೈಲಿಗೆ ಒಂದು ಮರದ ಚಾವಡಿ, ಕೂರಲು ಹಲಗೆ, ಪಕ್ಕದಲ್ಲಿ ಬಾವಿ, ಬಂದವರಿಗೆ ನೀರು ಕೊಡಲು ಒಬ್ಬ ಮನುಷ್ಯ ಇರುತ್ತಾನೆ ಎಂದು ಬರೆದಿದ್ದಾನೆ. ನೀರನ್ನು ಯಾರಿಗೆ ಪಾತ್ರೆಯಲ್ಲಿ ಕೊಡುತ್ತಾರೆ, ಯಾರ ಬೊಗಸೆಗೆ ಸುರಿಯುತ್ತಾರೆ ಎಂಬ ಭೇದವನ್ನೂ ಬರೆದಿದ್ದಾನೆ. ಅದನ್ನು ನಾವು ಮುಚ್ಚಿಡಬಾರದು. ನಮ್ಮ ಬೆಲ್ಲ ನೀರಿಗೂ ಆ ಭೇದ ಇತ್ತು. ಜಗಲಿಯವರೆಗೆ ಬರುವವರು, ಅಂಗಳದಲ್ಲೇ ನಿಲ್ಲುವವರು, ಅಂಗಳದಾಚೆ ನಿಲ್ಲುವವರು ಎಂದು ಗೆರೆಗಳಿದ್ದವು. ನಾನು ಚಿಕ್ಕವಳಿದ್ದಾಗ ಆ ಗೆರೆಗಳನ್ನು ಕಣ್ಣಾರೆ ನೋಡಿದ್ದೇನೆ. ನಾನೂ ಪಾಲಿಸಿದ್ದೇನೆ. ಬೇರೆಯವರ ಮನೆಯ ಬಾಗಿಲಲ್ಲಿ ನಿಂತಾಗಲೇ ಅದರ ಭಾರ ಎಷ್ಟೆಂದು ತಿಳಿದದ್ದು.

ಇನ್ನೊಬ್ಬನ ಹೆಸರು ಹೇಳಿ ಮುಂದೆ ಹೋಗುತ್ತೇನೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ, ಟ್ಯುನೀಷಿಯಾದವನು, ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ. 1132ರಿಂದ 1149ರವರೆಗೆ, ಹದಿನೇಳು ವರ್ಷ, ತುಳುನಾಡಿನಲ್ಲಿ ಬದುಕಿದ. ಆಶು ಎಂಬ ಇಲ್ಲಿಯ ಹೆಣ್ಣಿನೊಡನೆ ಸಂಸಾರ ಮಾಡಿದ. ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದವನ ಹೆಸರು ಬೊಮ್ಮ. ಇದೆಲ್ಲ ನಮಗೆ ತಿಳಿದಿರುವುದು ಕೈರೋದ ಒಂದು ಹಳೆಯ ಸಿನಗಾಗಿನಲ್ಲಿ, ಎಂದರೆ ಯಹೂದಿಗಳ ಪ್ರಾರ್ಥನಾಮಂದಿರದಲ್ಲಿ, ಉಳಿದುಕೊಂಡ ಕಾಗದಗಳಿಂದ. ಇಲ್ಲಿಂದ ಯೆಮನಿನ ಏಡನ್ ಬಂದರಿಗೆ ಮೆಣಸು, ಅಡಕೆ ಹೋಗುತ್ತಿತ್ತು. ಅಲ್ಲಿಂದ ಇವನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಪರದೇಶಿಯೊಬ್ಬ ಹದಿನೇಳು ವರ್ಷ ನಿಲ್ಲಬೇಕಾದರೆ ಅವನನ್ನು "ನಮ್ಮವನು" ಎಂದವರು ಇಲ್ಲಿ ಇದ್ದಿರಲೇಬೇಕು. ಬಂದರು ಇರುವ ಊರಿಗೆ ಅಪರಿಚಿತರು ಹೊಸಬರಲ್ಲ. ನಾನು ಕರಾವಳಿಯನ್ನೇ ಹಿಡಿದು ಹೋದದ್ದು ಇದೇ ಧೈರ್ಯದಿಂದ.

ಈಗ ಆ ತಟ್ಟೆ ಹೊತ್ತು ಬರುವವರು ಯಾರು? ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಡೆನ್ಮಾರ್ಕಿನಲ್ಲಿ ಸರ್ವಾಸ್ ಎಂಬ ಬಳಗ ಶುರುವಾಯಿತು. ಯುದ್ಧ ಬೇಡವೆಂದ ಬಾಬ್ ಲುಯಿಟ್‌ವೈಲರ್ ಎಂಬ ಅಮೆರಿಕನ್ ಅದರ ಹಿಂದಿದ್ದವರು. ಒಂದು ದೇಶದ ಜನ ಇನ್ನೊಂದು ದೇಶದ ಮನೆಗಳಲ್ಲಿ ಉಂಡು ಮಲಗಿದರೆ ಹಗೆ ಕಡಿಮೆಯಾಗುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿ ಪ್ರವಾಸಿಯನ್ನು ಮೊದಲು ಬಳಗದ ಒಬ್ಬರು ಕೂರಿಸಿಕೊಂಡು ಮಾತಾಡಿಸುತ್ತಾರೆ, ಆಮೇಲೆ ಒಂದು ಪರಿಚಯ ಪತ್ರ ಕೊಡುತ್ತಾರೆ. ಸಾಮಾನ್ಯವಾಗಿ ಒಂದು ಮನೆಯಲ್ಲಿ ಎರಡು ರಾತ್ರಿ. ಅರ್ಧ ಶತಮಾನದ ನಂತರ, 1999ರಲ್ಲಿ, ಐಸ್‌ಲ್ಯಾಂಡಿಗೆ ಅಗ್ಗದ ಟಿಕೆಟ್ ಸಿಕ್ಕಿದ ಕೇಸಿ ಫೆಂಟನ್ ಎಂಬ ಅಮೆರಿಕದ ಯುವಕ ಅಲ್ಲಿಯ ವಿಶ್ವವಿದ್ಯಾಲಯದ ಸುಮಾರು 1,500 ವಿದ್ಯಾರ್ಥಿಗಳಿಗೆ ಇಮೇಲ್ ಕಳಿಸಿ ಇಳಿದುಕೊಳ್ಳಲು ಜಾಗ ಕೇಳಿದ. ಬನ್ನಿ ಎಂದವರು ಹಲವರು. ಅದರಿಂದ ಹುಟ್ಟಿದ ಕೌಚ್‌ಸರ್ಫಿಂಗ್ ಎಂಬ ಅಂತರ್ಜಾಲ ತಾಣ 2004ರಲ್ಲಿ ಆರಂಭವಾಗಿ ಪ್ರಪಂಚದ ತುಂಬ ಹಬ್ಬಿತು. 2011ರಲ್ಲಿ ಲಾಭದ ಕಂಪನಿಯಾಯಿತು, 2020ರಲ್ಲಿ ಸದಸ್ಯರಿಂದ ಶುಲ್ಕ ಕೇಳತೊಡಗಿತು. ಇವೆಲ್ಲದರಲ್ಲೂ ಅಪರಿಚಿತನಿಗೆ ಹೊಣೆ ಯಾರು ಎಂಬ ಹಳೆಯ ಪ್ರಶ್ನೆಯೇ ಇದೆ. ಹಿಂದೆ ಪತ್ರ ಹೊಣೆ ನಿಂತಿತು, ಈಗ ಹಿಂದಿನ ಅತಿಥಿಗಳು ಬರೆದ ನಾಲ್ಕು ಸಾಲು ಹೊಣೆ ನಿಲ್ಲುತ್ತದೆ.

ನನಗೆ ಮೊದಲ ಸಲ ಹೊಣೆ ನಿಂತದ್ದು ಒಬ್ಬ ಗೆಳತಿ. ಅವಳ ಜೊತೆ ಕೆಲಸ ಮಾಡಿದವರೊಬ್ಬರ ಅಕ್ಕ ರತ್ನಗಿರಿಯಲ್ಲಿದ್ದರು. ಎಪ್ಪತ್ತು ದಾಟಿದ ವಿಧವೆ, ಹಳೆಯ ಹೆಂಚಿನ ಮನೆ, ಹಿತ್ತಿಲಲ್ಲಿ ಹನ್ನೊಂದು ಹಾಪೂಸ್ ಮಾವಿನ ಮರ. ಕಾಸರಗೋಡಿನಲ್ಲಿ ನೇತ್ರಾವತಿ ಎಕ್ಸ್‌ಪ್ರೆಸ್ ಹತ್ತಿ ಒಂದು ರಾತ್ರಿ ಕಳೆದರೆ ರತ್ನಗಿರಿ. ಚೀಲದಲ್ಲಿ ಹಲಸಿನಕಾಯಿ ಹಪ್ಪಳ, ಮಾಂಬಳ ಇಟ್ಟುಕೊಂಡಿದ್ದೆ. ಮಾಂಬಳ ಗೊತ್ತಲ್ಲ, ಕಾಟುಮಾವಿನ ರಸವನ್ನು ಚಾಪೆಯ ಮೇಲೆ ದಿನಕ್ಕೊಂದು ಪದರ ಬಳಿದು ಒಣಗಿಸಿದ್ದು. ಅದನ್ನು ಅವರ ಕೈಗೆ ಕೊಟ್ಟೆ. ಅವರು ಬಿಚ್ಚಿ ಮೂಸಿದರು, ಒಳಗೆ ಹೋದರು, ಒಂದು ಡಬ್ಬಿ ತಂದು ನನ್ನ ಮುಂದೆ ತೆರೆದರು. ಅದರಲ್ಲೂ ಅದೇ, ಬಣ್ಣ ಸ್ವಲ್ಪ ತಿಳಿ. "ಆಂಬಾಪೋಳಿ" ಎಂದರು. ನನಗೆ ಮರಾಠಿ ಅರೆಬರೆ, ಅವರಿಗೆ ಕನ್ನಡ ಒಂದಕ್ಷರವಿಲ್ಲ. ನಾವಿಬ್ಬರೂ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ನಕ್ಕೆವು. ಮಧ್ಯಾಹ್ನ ಊಟದ ಜೊತೆ ಬಂದ ಕೆಂಪು ಕಷಾಯದಂಥದ್ದು ನಮ್ಮ ಪುನರ್ಪುಳಿಯೇ. ಅವರು ಅದಕ್ಕೆ ತೆಂಗಿನ ಹಾಲು ಬೆರೆಸಿ ಸೋಲಕಡಿ ಮಾಡುತ್ತಾರೆ.

ಮೊದಲ ದಿನ ನಾನು ಕುರ್ಚಿ ಬಿಟ್ಟು ಏಳಲು ಹೋದಾಗಲೆಲ್ಲ ಅವರು ಕೂರಿಸಿದರು. ತಟ್ಟೆ ತೊಳೆಯಲು ಬಿಡಲಿಲ್ಲ. ನಮ್ಮ ಮನೆಗಳಲ್ಲೂ ಹಾಗೆಯೇ ಅಲ್ಲವೇ, ಬಂದವರನ್ನು ಅಲ್ಲಾಡಲು ಬಿಡುವುದಿಲ್ಲ. ಪ್ರೀತಿ ನಿಜ, ಆದರೆ ಆ ದಿನ ಸಂಜೆಯ ಹೊತ್ತಿಗೆ ನನಗೆ ಉಸಿರುಗಟ್ಟಿದಂತಾಗಿತ್ತು. ಹೊರಗಿನವಳಾಗಿಯೇ ಇದ್ದೇನೆ ಎನ್ನಿಸಿತು. ಎರಡನೆಯ ದಿನ ಬೆಳಿಗ್ಗೆ ಅವರು ನನ್ನನ್ನು ಹಿಂದಿನ ಕೋಣೆಗೆ ಕರೆದರು. ನೆಲದ ಮೇಲೆ ಒಣಹುಲ್ಲು ಹಾಸಿ ಮಾವಿನಕಾಯಿ ಸಾಲಾಗಿ ಜೋಡಿಸಿ ಮತ್ತೆ ಹುಲ್ಲು ಹೊದಿಸಿದ್ದರು. ಅದಕ್ಕೆ ಅಲ್ಲಿ "ಆಢಿ" ಎನ್ನುತ್ತಾರೆ. ಎರಡು ದಿನಕ್ಕೊಮ್ಮೆ ಹುಲ್ಲು ಸರಿಸಿ ಒಂದೊಂದನ್ನೂ ತಿರುಗಿಸಿ ನೋಡಬೇಕು. ಹಣ್ಣಾದದ್ದು ಬೇರೆ, ಕಲೆ ಬಿದ್ದದ್ದು ಬೇರೆ, ಇನ್ನೂ ಕಾಯಬೇಕಾದದ್ದು ಬೇರೆ. ಕಣ್ಣನ್ನು ನಂಬಬೇಡ, ತೊಟ್ಟಿನ ಬಳಿ ಮೂಸು ಎಂದು ಕೈಸನ್ನೆಯಲ್ಲಿ ತೋರಿಸಿದರು. ಹೆಬ್ಬೆರಳಿನಿಂದ ಒತ್ತಿದ್ದಕ್ಕೆ ಕೈಗೆ ಮೆಲ್ಲನೆ ಹೊಡೆದರು. ಒತ್ತಿದ ಜಾಗ ಕಪ್ಪಾಗುತ್ತದೆ. ಎರಡು ಗಂಟೆ ಇಬ್ಬರೂ ಹುಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದೆವು. ಎದ್ದಾಗ ನನ್ನ ಸೀರೆಗೆಲ್ಲ ಹುಲ್ಲಿನ ಕಡ್ಡಿ, ಮೂಗಿನ ತುಂಬ ಮಾವಿನ ವಾಸನೆ. ಆವತ್ತು ಮಧ್ಯಾಹ್ನ ನನ್ನ ತಟ್ಟೆಯನ್ನು ನಾನೇ ತೊಳೆದೆ, ಅವರು ಬೇಡವೆನ್ನಲಿಲ್ಲ. ಸಂಜೆ ಮಾಂಡವಿಯ ಕಡಲ ಕಡೆಗೆ ಇಬ್ಬರೂ ಹೋದೆವು. ದಾರಿಯಲ್ಲಿ ಸಿಕ್ಕಿದ ಅಂಗಡಿಯವನು ನನ್ನ ಕಡೆ ನೋಡಿ ಯಾರೆಂದು ಕೇಳಿದ. "ಆಮ್ಚ್ಯಾ ಪಾಹುಣ್ಯಾ ಆಹೇತ" ಎಂದರು. ನಮ್ಮ ಅತಿಥಿ. ಮರುದಿನ ನಾನು ಒಬ್ಬಳೇ ಹೋದಾಗ ಅದೇ ಅಂಗಡಿಯವನು ಎದ್ದು ಬಂದು ಬಸ್ಸು ಎಲ್ಲಿ ನಿಲ್ಲುತ್ತದೆಂದು ತೋರಿಸಿದ. ಮೊಗದಿಶುವಿನ ತಟ್ಟೆ ಅಂದರೆ ಏನೆಂದು ನನಗೆ ಅರ್ಥವಾದದ್ದು ಆ ಬಸ್ಸಿನಲ್ಲಿ ಕೂತಾಗ.

ಆ ಬಸ್ಸಿನಲ್ಲಿ ಹೋದದ್ದು ಥೀಬಾ ಅರಮನೆ ನೋಡಲು. ಬರ್ಮಾದ ಕೊನೆಯ ರಾಜ ಥೀಬಾನನ್ನು 1885ರಲ್ಲಿ ಬ್ರಿಟಿಷರು ಸಿಂಹಾಸನದಿಂದ ಇಳಿಸಿ ಗಡೀಪಾರು ಮಾಡಿ ರತ್ನಗಿರಿಯಲ್ಲಿ ಇಟ್ಟರು. ಈ ಅರಮನೆ ಮುಗಿದದ್ದು 1910ರಲ್ಲಿ. 1916ರಲ್ಲಿ ಅವನು ಅಲ್ಲೇ ತೀರಿಕೊಂಡ. ಮನೆ ಕೊಟ್ಟರು, ಊಟ ಕೊಟ್ಟರು, ಹೋಗುವ ಸ್ವಾತಂತ್ರ್ಯ ಕೊಡಲಿಲ್ಲ. ಆಮೇಲೆ ಕುಟುಂಬ ಬರ್ಮಾಕ್ಕೆ ಮರಳಿದರೂ ಹಿರಿಯ ಮಗಳು ಮತ್ತೆ ರತ್ನಗಿರಿಗೇ ಬಂದು ಅಲ್ಲಿಯವಳಾಗಿಯೇ ಬದುಕಿದಳು. ಆ ಖಾಲಿ ಕೋಣೆಗಳಲ್ಲಿ ನಿಂತಾಗ ಅವಳೊಬ್ಬಳೇ ನನ್ನ ಮನಸ್ಸಿನಲ್ಲಿದ್ದಳು.

ಊಟದ ಮಾತು ಆಡದೆ ಮುಂದೆ ಹೋಗಲಾಗದು. ನಾನು ಸಸ್ಯಾಹಾರಿ. ಹೋದದ್ದೆಲ್ಲ ಮೀನಿನ ಊರುಗಳಿಗೆ. ಕೋಯಿಕ್ಕೋಡಿನ ಕುಟ್ಟಿಚ್ಚಿರದಲ್ಲಿ ಒಂದು ಹಳೆಯ ಮುಸ್ಲಿಂ ತರವಾಡಿನಲ್ಲಿ ಎರಡು ರಾತ್ರಿ ಇದ್ದೆ. ಎದುರಿಗೆ ದೊಡ್ಡ ಕೆರೆ, ಅದರ ಬಳಿ ಮರದ ಕೆತ್ತನೆಯ ಮಿಷ್ಕಾಲ್ ಮಸೀದಿ. 1510ರಲ್ಲಿ ಪೋರ್ಚುಗೀಸರು ಬೆಂಕಿ ಹಚ್ಚಿದ್ದು ಇದೇ ಮಸೀದಿಗೆ. ಆ ಕಡೆಯ ಮನೆಗಳು ತಾಯಿಯ ಕಡೆಯಿಂದ ನಡೆಯುವಂಥವು, ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ. ಹೆಣ್ಣುಮಕ್ಕಳು ಮನೆ ಬಿಡುವುದಿಲ್ಲ, ಗಂಡಂದಿರು ಬರುತ್ತಾರೆ. ಅಳಿಯನಿಗೆ ಅವರು "ಪುದಿಯಾಪ್ಳ" ಎನ್ನುತ್ತಾರೆ, ಹೊಸ ಮದುಮಗ ಎಂದು. ಮೊಮ್ಮಕ್ಕಳಾದ ಮೇಲೂ ಅದೇ ಹೆಸರು. ಮನೆಯ ಗಂಡಸರೇ ಹೊರಗಿನಿಂದ ಬಂದವರಾದ ಮೇಲೆ ಆ ಹೆಂಗಸರಿಗೆ ಅತಿಥಿ ಎಂದರೆ ಗಾಬರಿಯೇ ಇಲ್ಲ ಎಂದು ನನಗೆ ಅನ್ನಿಸಿತು.

ಮೀನು, ಮಾಂಸ, ಮೊಟ್ಟೆ ತಿನ್ನುವುದಿಲ್ಲ ಎಂದು ನಾನು ಹೊರಡುವ ಮೊದಲೇ ಫೋನಿನಲ್ಲಿ ತಿಳಿಸಿದ್ದೆ. ಬಾಗಿಲಿಗೆ ಹೋದ ಮೇಲೆ ಹೇಳುವುದು ಆತಿಥೇಯರಿಗೆ ಮಾಡುವ ಅನ್ಯಾಯ. ಮನೆಯ ಹಿರಿಯ ಹೆಂಗಸು, ನಾನು ಅವರನ್ನು ಇತ್ತಾ ಎಂದು ಕರೆಯತೊಡಗಿದ್ದೆ, ನೇಂದ್ರ ಬಾಳೆಹಣ್ಣಿನ ಉನ್ನಕ್ಕಾಯಿಯನ್ನು ನನಗಾಗಿ ಮೊಟ್ಟೆಯಿಲ್ಲದೆ ಬರಿಯ ಕಾಯಿತುರಿ, ಸಕ್ಕರೆ, ಏಲಕ್ಕಿ ತುಂಬಿ ಮಾಡಿದರು. ಹೊಸ ಬಾಣಲೆಯಲ್ಲಿ ಕರಿದರು. ಬಾಣಲೆಯ ಮೇಲಿದ್ದ ಅಂಗಡಿಯ ಚೀಟಿ ಇನ್ನೂ ಪೂರ್ತಿ ಹೋಗಿರಲಿಲ್ಲ. ಅದನ್ನು ನೋಡಿ ನನ್ನ ಕಣ್ಣು ತುಂಬಿತು. ನಮ್ಮ ಜಗಲಿಯ ಗೆರೆಗಳು ನೆನಪಾದವು. ಊಟಕ್ಕೆ ಎಲ್ಲರ ಜೊತೆ ಕೂತೆ. ಪಕ್ಕದ ತಟ್ಟೆಯಲ್ಲಿ ಮೀನಿತ್ತು, ನನ್ನ ತಟ್ಟೆಯಲ್ಲಿ ಇರಲಿಲ್ಲ. ಇಷ್ಟರಿಂದ ಯಾರ ಧರ್ಮವೂ ಕೆಡಲಿಲ್ಲ. ಸಸ್ಯಾಹಾರಿಗಳಾದ ನಮ್ಮವರಿಗೆ ನಾನು ಬೇಡಿಕೊಳ್ಳುವುದಿಷ್ಟು: ನೀವು ತಿನ್ನದಿರುವುದನ್ನು ಮೊದಲೇ ಹೇಳಿ, ಆಮೇಲೆ ಅವರು ತಿನ್ನುವುದರ ಎದುರು ಮುಖ ಸಿಂಡರಿಸಬೇಡಿ.

ಎಲ್ಲ ಕಡೆ ಹೀಗೆಯೇ ಆಯಿತು ಎಂದರೆ ಸುಳ್ಳಾಗುತ್ತದೆ. ಇಲ್ಲಿ ಹೆಣ್ಣುಮಕ್ಕಳು ಕೂತಿದ್ದೀರಿ, ಅದಕ್ಕಾಗಿಯೇ ಇದನ್ನು ಹೇಳುತ್ತೇನೆ. ಒಂದು ಪಟ್ಟಣದಲ್ಲಿ, ಅದರ ಹೆಸರು ಬೇಡ, ನನಗೆ ಬನ್ನಿ ಎಂದು ಬರೆದದ್ದು ಒಬ್ಬ ಹೆಂಗಸು. ಹೋಗಿ ನೋಡಿದರೆ ಮನೆಯಲ್ಲಿ ಗಂಡಸು ಒಬ್ಬನೇ. ಹೆಂಡತಿ ತವರಿಗೆ ಹೋಗಿದ್ದಾಳೆ, ನಾಳೆ ಬರುತ್ತಾಳೆ ಎಂದ. ಮಾತು ಮರ್ಯಾದೆಯದ್ದೇ. ಆದರೆ ಬಾಗಿಲಿನ ಚಿಲಕ ಎರಡು ಸಲ ಹಾಕಿ ನೋಡಿದ. ನಾನು ಚೀಲ ಕೆಳಗಿಡಲಿಲ್ಲ. ರೈಲು ನಿಲ್ದಾಣದಲ್ಲಿ ಒಬ್ಬರನ್ನು ನೋಡಬೇಕಿದೆ ಎಂದು ಹೇಳಿ ಹೊರಗೆ ಬಂದೆ, ಆ ರಾತ್ರಿ ಹೆಂಗಸರ ವಿಶ್ರಾಂತಿ ಕೋಣೆಯಲ್ಲಿ ಕಳೆದೆ. ಅವನು ಒಳ್ಳೆಯವನೇ ಇರಬಹುದು. ಅದನ್ನು ಪರೀಕ್ಷಿಸುವ ಹೊಣೆ ನನ್ನದಲ್ಲ. ಅಲ್ಲಿಂದ ಮೇಲೆ ನಾನು ಹೊರಡುವ ಹಿಂದಿನ ದಿನ ಮನೆಯ ಹೆಂಗಸಿನ ಜೊತೆ ವಿಡಿಯೋದಲ್ಲಿ ಮಾತಾಡದೆ ರೈಲು ಹತ್ತಿಲ್ಲ. ಕತ್ತಲಾದ ಮೇಲೆ ಹೊಸ ಮನೆಗೆ ಹೋಗುವುದಿಲ್ಲ. ವಿಳಾಸವನ್ನು ಇಲ್ಲಿ ಮಗಳಿಗೆ ಕೊಟ್ಟಿರುತ್ತೇನೆ, ಹತ್ತಿರದ ಒಂದು ವಸತಿಗೃಹದ ಬಾಡಿಗೆಗಾಗುವ ದುಡ್ಡನ್ನು ಬೇರೆಯೇ ಎತ್ತಿಟ್ಟಿರುತ್ತೇನೆ. ಮನಸ್ಸು ಬೇಡ ಎಂದಾಗ ಸಂಕೋಚಪಟ್ಟು ಉಳಿಯಬೇಡಿ. ಸಂಕೋಚವೇ ಹೆಣ್ಣಿಗೆ ಹೆಚ್ಚು ಅಪಾಯ ತಂದಿದೆ.

ವಿಶಾಖಪಟ್ಟಣಕ್ಕೆ ಹೋದದ್ದು ಮೇ ತಿಂಗಳಲ್ಲಿ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಗೆ ನಿಷೇಧ. ನಮ್ಮ ಕೇರಳದಲ್ಲಿ ಅದು ಜೂನ್ ಜುಲೈಯಲ್ಲಿ ಬರುತ್ತದೆ. ಮೀನು ಬಂದರಿನ ತುಂಬ ದೋಣಿಗಳು ಒತ್ತೊತ್ತಾಗಿ ಕಟ್ಟಿಕೊಂಡು ನಿಂತಿದ್ದವು, ಜನ ಬಲೆ ಹೊಲಿಯುತ್ತಿದ್ದರು. ಮನೆಯವರು 2014ರ ಅಕ್ಟೋಬರ್ 12ರ ಹುದ್‌ಹು‌ದ್ ಚಂಡಮಾರುತದ ಕಥೆ ಹೇಳಿದರು. ಮರುದಿನ ಬೆಳಿಗ್ಗೆ ಬೀದಿಯಲ್ಲಿ ಎಲೆಯಿರುವ ಮರವೇ ಕಾಣಲಿಲ್ಲವಂತೆ. ನಾನು ಹೋದದ್ದು ಆವಕಾಯ ಉಪ್ಪಿನಕಾಯಿ ಹಾಕುವ ಕಾಲ. ಮಾವಿನ ಹೋಳು, ಸಾಸಿವೆ ಪುಡಿ, ಖಾರ, ಉಪ್ಪು, ಎಳ್ಳೆಣ್ಣೆ ಎಲ್ಲ ದೊಡ್ಡ ಬೇಸಿನ್ನಿನಲ್ಲಿ. ನನಗೆ ಸಿಕ್ಕಿದ ಕೆಲಸ ಜಾಡಿಗಳ ಮೇಲೆ ಯಾವುದು ಯಾರ ಮನೆಗೆ ಎಂದು ಚೀಟಿ ಬರೆಯುವುದು. ನಾನು ಕನ್ನಡದಲ್ಲೇ ಬರೆದೆ. ಅವರ ಮೊಮ್ಮಗಳು ತಲಕಟ್ಟು ಬೇರೆ ಎಂದು ಕಂಡುಕೊಂಡು ಉಳಿದದ್ದನ್ನು ತಡವರಿಸುತ್ತ ಓದಿಯೇಬಿಟ್ಟಳು. ಮೂವತ್ತು ವರ್ಷ ಅಕ್ಷರ ಕಲಿಸಿದವಳಿಗೆ ಅದಕ್ಕಿಂತ ಹೆಚ್ಚಿನ ಸತ್ಕಾರ ಏನಿದೆ?

ಇನ್ನು ಗಾಲೆ. ಶ್ರೀಲಂಕಾದ ನೈಋತ್ಯ ತುದಿಯ ಬಂದರು ಪಟ್ಟಣ. ಕೊಲಂಬೋದಿಂದ ರೈಲು ಕಡಲಿಗೆ ಎಷ್ಟು ಹತ್ತಿರ ಹೋಗುತ್ತದೆಂದರೆ ಕಿಟಕಿಗೆ ನೀರಿನ ಹನಿ ಸಿಡಿಯುತ್ತದೇನೋ ಎನ್ನಿಸುತ್ತದೆ. ಡಚ್ಚರು ಕಟ್ಟಿಸಿದ ಕೋಟೆಯೊಳಗೆ ಇಂದಿಗೂ ಜನ ವಾಸವಾಗಿದ್ದಾರೆ. 1988ರಲ್ಲಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ನಾನಿದ್ದ ಮನೆ ಆ ಕೋಟೆಯೊಳಗಿನದು. ಅಲ್ಲಿ ದಿನಕ್ಕಿಷ್ಟು ಎಂದು ದುಡ್ಡು ಕೊಟ್ಟೆ. ದುಡ್ಡು ಕೊಟ್ಟರೆ ಅದು ಆತಿಥ್ಯವೇ ಅಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಕ್ಕಿಗೆ, ಸಾಬೂನಿಗೆ, ವಿದ್ಯುತ್ತಿಗೆ ದುಡ್ಡು ಬೇಕು. ಹಾಗೆ ಕೊಟ್ಟದ್ದರಿಂದ ನಮ್ಮ ನಡುವಿನ ಮಾತೇನೂ ಕಡಿಮೆಯಾಗಲಿಲ್ಲ.

ಎರಡನೆಯ ದಿನ ಮುಂಜಾನೆ ಅಡುಗೆಮನೆಯಿಂದ ಗರಗರ ಸದ್ದು ಕೇಳಿಸಿತು. ಯಾವ ಊರಿನಲ್ಲಿದ್ದರೂ ಆ ಸದ್ದು ನನಗೆ ಗುರುತು ಸಿಗುತ್ತದೆ. ಹೋಗಿ ನೋಡಿದರೆ ಮನೆಯಾಕೆ ಗಿಡ್ಡ ಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರು. ನಾನು ಬೆರಳು ತೋರಿಸಿ ಇದಕ್ಕೇನೆನ್ನುತ್ತೀರಿ ಎಂದೆ. "ಹಿರಮಣೆ" ಎಂದರು. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೇಳಿದೆ. ಹಿರಮಣೆ. ನಮ್ಮ ಕರಾವಳಿಯ ಹೆರೆಮಣೆ! ನಾನು "ಹೆರೆಮಣೆ, ಹೆರೆಮಣೆ" ಎಂದೆ. ಅವರು ನನ್ನ ಉಚ್ಚಾರವನ್ನು ತಿದ್ದಿದರು. ಆಮೇಲೆ ಎದ್ದು ಮಣೆಯನ್ನು ನನ್ನ ಕಡೆ ತಳ್ಳಿ ಅರ್ಧ ಹೋಳು ಕೈಗೆ ಕೊಟ್ಟರು. ಅಂಚಿನಿಂದ ಶುರು ಮಾಡಿ, ಹೋಳನ್ನು ಅಂಗೈಯಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ಕರಟದ ಕಂದು ಸಿಪ್ಪೆ ಉದುರುವ ಮೊದಲೇ ನಿಲ್ಲಿಸುತ್ತ ತುರಿದೆ. ಅವರು ಪಕ್ಕದಲ್ಲಿ ನಿಂತು ನೋಡಿದರು, ತಟ್ಟೆಯಿಂದ ಒಂದು ಚಿಟಿಕೆ ತೆಗೆದು ಬೆರಳುಗಳ ನಡುವೆ ಉಜ್ಜಿ ನೋಡಿದರು, ತಲೆಯಾಡಿಸಿ ಇನ್ನೊಂದು ಕಾಯಿ ಒಡೆದರು. ಪರೀಕ್ಷೆಯಲ್ಲಿ ಪಾಸಾದೆ. ಆ ತುರಿಗೆ ಮೆಣಸು, ಈರುಳ್ಳಿ, ನಿಂಬೆರಸ ಹಾಕಿ ಕಲಸಿದರೆ ಪೋಲ್ ಸಂಬೋಲ. ಒಣಮೀನಿನ ಪುಡಿ ಹಾಕುವ ಮೊದಲೇ ನನ್ನ ಪಾಲನ್ನು ಎತ್ತಿಟ್ಟರು. ಜೊತೆಗೆ ಬಂದ ಇಂದಿಆಪ್ಪ ನಮ್ಮ ಒತ್ತು ಶಾವಿಗೆಯೇ.

ತಿಂಡಿ ಮುಗಿದ ಮೇಲೆ ಅವರು ಸುನಾಮಿಯ ದಿನದ ಮಾತು ಎತ್ತಿದರು. 2004ರ ಡಿಸೆಂಬರ್ 26, ಭಾನುವಾರ, ಹುಣ್ಣಿಮೆ. ಅಲ್ಲಿ ಹುಣ್ಣಿಮೆಗೆ ರಜೆ. ಕೋಟೆಯ ಗೋಡೆ ಒಳಗಿನವರನ್ನು ಬಹುಮಟ್ಟಿಗೆ ಕಾಪಾಡಿತು. ಹೊರಗಿನ ಪಟ್ಟಣದ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಎಲ್ಲ ನೀರಿನಲ್ಲಿ ಕೊಚ್ಚಿಹೋದವು. ನಾನು ಬಂದ ಅದೇ ರೈಲು ದಾರಿಯಲ್ಲಿ, ಪೆರಾಲಿಯ ಎಂಬಲ್ಲಿ, ಜನ ತುಂಬಿದ್ದ ಒಂದು ರೈಲನ್ನೇ ಅಲೆ ಕೆಡವಿತು. ಆ ದಿನ ಬಸ್ ನಿಲ್ದಾಣದ ಕಡೆಯಿಂದ ಒದ್ದೆಯಾಗಿ ಓಡಿ ಬಂದ ಇಬ್ಬರು ಹೆಂಗಸರು, ಒಂದು ಮಗು ಇವರ ಮನೆ ಹೊಕ್ಕರಂತೆ. ಯಾರು, ಏನು ಒಂದೂ ಗೊತ್ತಿಲ್ಲ. ಹದಿನಾರು ದಿನ ಇದ್ದರು. ಯಾರನ್ನಾದರೂ ನೋಡಿಕೊಳ್ಳಬೇಕಾದರೆ ಪರಿಚಯ ಇರಬೇಕೇ ಎಂದು ಕೇಳಿದಾಗ ಅವರ ದನಿ ಸ್ವಲ್ಪ ಒರಟಾಗಿಯೇ ಇತ್ತು.

ಈಗ ನಮ್ಮ ಊರಿಗೆ ಬರುತ್ತೇನೆ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಈ ಮಣ್ಣಿನ ಕನ್ನಡಿಗರ ಎದೆಯಲ್ಲಿ ಒಂದು ಪ್ರಶ್ನೆ ಕೂತಿದೆ. ನಮ್ಮದೇ ನೆಲದಲ್ಲಿ ನಾವು ಮನೆಯವರೋ, ಬಂದವರೋ? ಕಚೇರಿಯ ಕಾಗದ ಓದಲಾಗದೆ ಸಾಲಿನಲ್ಲಿ ನಿಂತ ಹಿರಿಯರನ್ನು ನಾನು ಕಂಡಿದ್ದೇನೆ. ಆ ನೋವು ದೊಡ್ಡದು, ಅದಕ್ಕಾಗಿ ಮಾಡಬೇಕಾದ ಹೋರಾಟ ಮಾಡಲೇಬೇಕು. ಆದರೆ ಅದೇ ನೋವು ನಮ್ಮ ಬಾಗಿಲನ್ನು ಮುಚ್ಚಿಸಬಾರದು. ಗೋವಿಂದ ಪೈಗಳು ಮಂಜೇಶ್ವರದಲ್ಲಿ ಕೂತು ಹಲವು ಭಾಷೆಗಳನ್ನು ಮನೆಯೊಳಗೆ ಕರೆದುಕೊಂಡವರು. ಪೇಟೆಯ ಬಸ್ಸಿನಲ್ಲಿ ಅರ್ಧ ಗಂಟೆ ಕೂತರೆ ಕನ್ನಡ, ಮಲಯಾಳ, ತುಳು, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಲ್ಲ ಕಿವಿಗೆ ಬೀಳುತ್ತವೆ. ಎಲ್ಲಿಂದ ಬಂದವರ ಜೊತೆಗಾದರೂ ಹೇಗೋ ಮಾತು ಕೂಡಿಸಿಕೊಳ್ಳುವ ಅಭ್ಯಾಸ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಇದೆ.

ಬೇಕಲ ಕೋಟೆಗೆ ಬರುವವರು ರೆಸಾರ್ಟಿನಲ್ಲಿ ಇಳಿಯುತ್ತಾರೆ, ಸೂರ್ಯಾಸ್ತ ನೋಡುತ್ತಾರೆ, ಹೋಗುತ್ತಾರೆ. ತಲಂಗರೆಯ ಟೋಪಿ ಹೊಲಿಯುವ ಕೈ, ಕಾಸರಗೋಡು ಸೀರೆಯ ಮಗ್ಗ, ಯಕ್ಷಗಾನದ ಚೌಕಿ, ತೆಯ್ಯದ ಮುಖಕ್ಕೆ ಬಣ್ಣ ಬರೆಯುವ ಹೊತ್ತು, ಇವು ಯಾವುವೂ ಅವರಿಗೆ ಸಿಗುವುದಿಲ್ಲ, ಜೊತೆಗೆ ಕರೆದುಕೊಂಡು ಹೋಗಿ "ಇವರು ನಮ್ಮ ಮನೆಗೆ ಬಂದವರು" ಎನ್ನುವ ಒಬ್ಬರು ಇಲ್ಲದಿದ್ದರೆ. ನಿಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದ್ದರೆ ಯೋಚಿಸಿ. ಬಂದವರ ಗುರುತಿನ ಚೀಟಿ ನೋಡಿ, ಪ್ರತಿ ಇಟ್ಟುಕೊಳ್ಳಿ. ವಿದೇಶದವರಾದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಲೇಬೇಕು, ಅದು ಕಾನೂನು. ಈಗ ಆನ್‌ಲೈನಿನಲ್ಲೇ ಆಗುತ್ತದೆ. ಮತ್ತೆ ಬಂದವರನ್ನು ಕುರ್ಚಿಯಲ್ಲಿ ಕೂರಿಸಿ ಬರಿದೇ ಬಡಿಸುತ್ತ ಇರಬೇಡಿ. ಕೈಗೆ ಒಂದು ಕೆಲಸ ಕೊಡಿ.

ಕಳೆದ ಡಿಸೆಂಬರಿನಲ್ಲಿ ಆಲಪ್ಪುಯದಿಂದ ಸೈಕಲ್ಲಿನಲ್ಲಿ ಒಬ್ಬಳೇ ಹೊರಟ ಒಂದು ಹುಡುಗಿ ನಮ್ಮ ಮನೆಗೆ ಬಂದಳು. ಮೈಯೆಲ್ಲ ಧೂಳು, ಒಂದು ಮೊಣಕಾಲಿಗೆ ಪಟ್ಟಿ. ನಮ್ಮ ಅತ್ತೆಯವರಿಗೆ ಎಂಬತ್ತನಾಲ್ಕು. ಅಂಗಳದ ಗೆರೆಗಳನ್ನು ಕಾದವರಲ್ಲಿ ಅವರೂ ಒಬ್ಬರು. ಯಾರೇ ಹೊಸಬರು ಬಂದರೂ ಬೆಲ್ಲ ನೀರು ಕೊಡುವಾಗಲೇ "ಯಾರ ಪೈಕಿ?" ಎಂದು ಕೇಳಿ ತಿಳಿದುಕೊಂಡು, ಆಮೇಲೆ ಎಲ್ಲಿ ಕೂರಿಸುವುದೆಂದು ತೀರ್ಮಾನಿಸುತ್ತಿದ್ದವರು. ನನಗೆ ಒಳಗೇ ಅಂಜಿಕೆಯಿತ್ತು. ಹುಡುಗಿ ಜಗಲಿಯ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಳು. ಅತ್ತೆ ಚೆಂಬು ಹಿಡಿದು ಬಂದು ಅವಳ ಮೊಣಕಾಲು ನೋಡಿದರು. "ಆಸರಿಂಗೆ ಎಂತಕ್ಕು?" ಎಂದರು. ಅವಳಿಗೆ ಅರ್ಥವಾಗಲಿಲ್ಲ, ಚೆಂಬು ಮಾತ್ರ ತೆಗೆದುಕೊಂಡಳು. ಅಷ್ಟರಲ್ಲಿ ಬೇಲಿಯಾಚೆಯಿಂದ ನೆರೆಮನೆಯವರು ಯಾರದು ಎಂದು ಕೂಗಿ ಕೇಳಿದರು.

"ಎಂಗಳ ಮನೆಗೆ ಬಂದ ಕೂಸು" ಎಂದರು ಅತ್ತೆ.

ರಾತ್ರಿ ಅವಳನ್ನು ಅಡುಗೆಮನೆಯಲ್ಲಿ ತಮ್ಮ ಪಕ್ಕ ಕೂರಿಸಿಕೊಂಡು ಉಣ್ಣಿಸಿದರು. ಹೆಸರು ಕೇಳಿದ್ದು ಮರುದಿನ ಬೆಳಿಗ್ಗೆ, ಕಾಯಿ ತುರಿಯಲು ಕೂರಿಸಿದ ಮೇಲೆ, ಕರಟ ಬೀಳುತ್ತಿದೆ ಎಂದು ಗದರಿಸಲು ಹೆಸರು ಬೇಕಾದಾಗ.